ಗುಜರಿಗೆ ಹಾಕುವ ಮುನ್ನ ಹೆಸರು ಕೇಳಿ



ಇತ್ತೀಚೆಗೆ ನಿಮ್ಮಲ್ಲಿ ಹಲವರು ನನಗೆ ಒಂದೇ ಬಗೆಯ ಚಿತ್ರಗಳನ್ನು ಕಳುಹಿಸುತ್ತಿದ್ದೀರಿ. ತುಕ್ಕು ಹಿಡಿದ ಒಂದು ಕಬ್ಬಿಣದ ತುಂಡು, ಅದಕ್ಕೊಂದು ಸವೆದ ಮರದ ಹಿಡಿ, ಪಕ್ಕದಲ್ಲಿ ಅಳತೆಗೆಂದು ಇಟ್ಟ ಒಂದು ರೂಪಾಯಿಯ ನಾಣ್ಯ. "ಮೇಷ್ಟ್ರೇ, ತಾತನ ಪೆಟ್ಟಿಗೆಯಲ್ಲಿ ಸಿಕ್ಕಿತು. ಇದೇನು?" ಎಂಬ ಪ್ರಶ್ನೆ. ನಿವೃತ್ತನಾದ ಮೇಲೂ ಪ್ರಶ್ನೆ ಕೇಳುವವರಿದ್ದಾರಲ್ಲ ಎಂದು ನನಗೆ ಸಂತೋಷವೇ ಆಗುತ್ತದೆ. ಆದರೆ ಉತ್ತರ ಕೊಟ್ಟ ಮೇಲೆ ಬರುವ ಮರುಮಾತು ಆ ಸಂತೋಷವನ್ನು ಕಸಿದುಕೊಳ್ಳುತ್ತದೆ. "ಇದಕ್ಕೆ ಎಷ್ಟು ಸಿಗಬಹುದು?" ಎಂದು ಒಬ್ಬರು ಕೇಳುತ್ತಾರೆ. "ಗೋಡೆಗೆ ನೇತುಹಾಕಿದರೆ ಚೆನ್ನಾಗಿ ಕಾಣುತ್ತದೆಯೇ?" ಎಂದು ಇನ್ನೊಬ್ಬರು. "ಇದು ನಮ್ಮ ಮನೆಯಲ್ಲಿತ್ತೆಂದು ಯಾರಿಗೂ ಹೇಳಬೇಡಿ" ಎಂದು ಮತ್ತೊಬ್ಬರು.

ಈ ಮೂರೂ ಮಾತುಗಳ ಬಗ್ಗೆ ನನಗೆ ತಕರಾರಿದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಎಲ್ಲರಿಗೂ ಸೇರಿಸಿ ಒಮ್ಮೆಗೇ ಹೇಳಿಬಿಡುವುದು ಮೇಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದದ್ದು ಇಷ್ಟೆ: ಹಿರಿಯರು ಬಿಟ್ಟುಹೋದ ಹತಾರವನ್ನು ಗುರುತಿಸುವುದೆಂದರೆ ಅದನ್ನು ಹಿಡಿದ ಕೈಯನ್ನು ಗುರುತಿಸುವುದು. ಆ ಕೈ ನಮ್ಮದೆಂದು ಒಪ್ಪಿಕೊಳ್ಳಲು ಮನಸ್ಸಿಲ್ಲದವರಿಗೆ ಹತಾರದ ಹೆಸರು ತಿಳಿದೂ ಪ್ರಯೋಜನವಿಲ್ಲ. ಮಾತು ಕಟುವಾಯಿತೆಂದು ಕೆಲವರಿಗೆ ಅನ್ನಿಸಬಹುದು. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹೊಸದಲ್ಲ.

ನಾನಿರುವ ಬ್ಯಾಡರಹಳ್ಳಿಯನ್ನೇ ನೋಡಿ. ಮಾಗಡಿ ರಸ್ತೆಯ ಈ ಊರಿನ ಹೆಸರಿನಲ್ಲಿಯೇ ಒಂದು ಕಸುಬಿನ ನೆನಪಿದೆ. ಬೇಡರ ಹಳ್ಳಿ ಜನರ ಬಾಯಲ್ಲಿ ಬ್ಯಾಡರಹಳ್ಳಿ. ಇಂದು ಇಲ್ಲಿ ಬೇಟೆಯೂ ಇಲ್ಲ, ರಾಗಿಯ ಹೊಲವೂ ಇಲ್ಲ. ಸುಂಕದಕಟ್ಟೆ, ಹೇರೋಹಳ್ಳಿ, ಅಂಜನಾನಗರಗಳ ಜೊತೆ ಬೆಸೆದುಕೊಂಡು ಊರು ಬೆಂಗಳೂರೇ ಆಗಿಹೋಗಿದೆ. ಹಳೆಯ ಹೆಂಚಿನ ಮನೆಯನ್ನು ಕೆಡವಿ ಮೂರಂತಸ್ತು ಏರಿಸುವಾಗ ಮೊದಲು ಖಾಲಿಯಾಗುವುದು ಅಟ್ಟ. ಅಟ್ಟದಿಂದ ಇಳಿದ ಸಾಮಾನು ಎರಡು ಪಾಲಾಗುತ್ತದೆ: ತಾಮ್ರ ಹಿತ್ತಾಳೆ ಒಳಕ್ಕೆ, ಕಬ್ಬಿಣ ಮರ ಹೊರಕ್ಕೆ. ಹೊರಗೆ ಗುಜರಿಯವನ ತಕ್ಕಡಿ ಕಾದಿರುತ್ತದೆ. ಬಾಚಿ, ಉಳಿ, ಗುದ್ದಲಿ, ಕುಡುಗೋಲು, ಮುರಿದ ಸೈಕಲ್ಲಿನ ಹ್ಯಾಂಡಲ್ಲು ಎಲ್ಲವೂ ಒಂದೇ ತೂಕಕ್ಕೆ ಬೀಳುತ್ತವೆ.

ನಮ್ಮ ಮನೆತನದಲ್ಲಿಯೂ ಇದೇ ನಡೆಯುವುದರಲ್ಲಿತ್ತು. ನಮ್ಮ ದೊಡ್ಡಪ್ಪನವರು ಮಾಗಡಿ ಸೀಮೆಯಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದವರು. ತೊಟ್ಟಿಲಿನಿಂದ ಹಿಡಿದು ಎತ್ತಿನ ಗಾಡಿಯವರೆಗೆ ಊರಿನವರ ಮರದ ಕೆಲಸವೆಲ್ಲ ಅವರದೇ. ಅವರು ತೀರಿಕೊಂಡ ಮೇಲೆ ನಿವೇಶನ ಪಾಲಾಯಿತು, ಒಡವೆ ಪಾಲಾಯಿತು, ಹಿತ್ತಾಳೆಯ ಹಂಡೆಯ ವಿಷಯದಲ್ಲಿ ಎರಡು ದಿನ ಮನಸ್ತಾಪವೂ ಆಯಿತು. (ಬಂಧುಗಳು ಮುನಿಸಿಕೊಳ್ಳಬಾರದು, ಹಂಡೆ ಈಗ ಯಾರ ಮನೆಯಲ್ಲಿದೆಯೆಂದು ನಾನು ಬರೆಯುವುದಿಲ್ಲ.) ಹತಾರದ ಪೆಟ್ಟಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಆ ನಿವೇಶನ, ಆ ಒಡವೆ, ಆ ಹಂಡೆ ಎಲ್ಲವೂ ಆ ಪೆಟ್ಟಿಗೆಯ ದುಡಿಮೆಯಿಂದಲೇ ಬಂದದ್ದೆಂಬ ಮಾತು ಪಂಚಾಯಿತಿಗೆ ಕುಳಿತ ಹಿರಿಯರೊಬ್ಬರ ಬಾಯಿಂದಲೂ ಬರಲಿಲ್ಲ. ಕೇಳುವವರಿಲ್ಲದ ಕಾರಣ ಅದು ನನ್ನ ಪಾಲಿಗೆ ಬಂದಿತು.

ಪೆಟ್ಟಿಗೆಯಲ್ಲಿ ಇಪ್ಪತ್ತೆಂಟು ಹತಾರಗಳಿದ್ದವು. ಅವುಗಳ ಹೆಸರನ್ನು ನನಗೆ ಹೇಳಿಕೊಟ್ಟವರು ದೊಡ್ಡಮ್ಮ. ಅವರು ಒಂದು ದಿನವೂ ಉಳಿ ಹಿಡಿದವರಲ್ಲ. ಆದರೆ ಐವತ್ತು ವರ್ಷ ಜಗುಲಿಯ ಮೇಲೆ ಗಂಡ "ಅದನ್ನು ಕೊಡು, ಇದನ್ನು ಕೊಡು" ಎಂದಾಗಲೆಲ್ಲ ಎತ್ತಿಕೊಟ್ಟವರು. ಕಣ್ಣು ಮಂಜಾಗಿದ್ದ ಅವರು ಒಂದೊಂದನ್ನೂ ಕೈಯಿಂದ ತಡವಿ, ತೂಕ ನೋಡಿ, ಇಪ್ಪತ್ತೆರಡಕ್ಕೆ ತಡವರಿಸದೆ ಹೆಸರು ಹೇಳಿದರು. ಉಳಿದ ಆರಕ್ಕೆ ಸುಂಕದಕಟ್ಟೆಯ ಒಬ್ಬ ಮುದುಕ ಆಚಾರಿ ಸಿಕ್ಕಿದರು. ದೊಡ್ಡಮ್ಮ ತೀರಿಕೊಂಡಿದ್ದಾರೆ. ಒಂದು ವರ್ಷ ತಡವಾಗಿದ್ದರೆ ಆ ಇಪ್ಪತ್ತೆರಡು ಹೆಸರುಗಳೂ ಅವರ ಜೊತೆಗೇ ಹೋಗುತ್ತಿದ್ದವು. ಕಬ್ಬಿಣ ನೂರು ವರ್ಷ ಕಾಯುತ್ತದೆ, ಬಾಯಿ ಕಾಯುವುದಿಲ್ಲ.

ಈಗ ಮೊದಲನೆಯ ಮಾತಿಗೆ ಬರೋಣ. "ಎಷ್ಟು ಸಿಗಬಹುದು?"

ಕಬ್ಬಿಣವೆಂದು ತೂಗಿ ಮಾರುವವರು ಏನನ್ನು ಮಾರುತ್ತಿದ್ದೇವೆಂದು ತಿಳಿದು ಮಾರಲಿ. ಹಳೆಯ ಕುಲುಮೆಯ ಬಾಚಿಯನ್ನೋ ಉಳಿಯನ್ನೋ ಒರೆಸಿ ಓರೆಬೆಳಕಿಗೆ ಹಿಡಿದರೆ, ಬಾಯಿಯಿಂದ ಒಂದೆರಡು ಅಂಗುಲ ಮೇಲೆ ಒಂದು ಮಸುಕಾದ ಗೆರೆ ಕಾಣುವುದುಂಟು. ಅದು ಬಿರುಕಲ್ಲ, ಬೆಸುಗೆ. ಮೈಯೆಲ್ಲ ಮೆತುಗಬ್ಬಿಣ, ಕಡಿಯುವ ಬಾಯಿ ಮಾತ್ರ ಉಕ್ಕು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಕಮ್ಮಾರ ಅದನ್ನು ಬೇಕಾದಲ್ಲಿ ಮಾತ್ರ ಇಟ್ಟು, ಕಾಯಿಸಿ, ಸುತ್ತಿಗೆಯಿಂದ ಬಡಿದು ಒಂದು ಮಾಡುತ್ತಿದ್ದ. ಮೈ ಮೆತುವಾಗಿದ್ದುದರಿಂದ ಪೆಟ್ಟು ತಡೆಯುತ್ತಿತ್ತು, ಬಾಯಿ ಗಡುಸಾಗಿದ್ದುದರಿಂದ ಹರಿತ ನಿಲ್ಲುತ್ತಿತ್ತು. ಎಷ್ಟು ಕಾಯಿಸಬೇಕೆಂಬುದನ್ನು ಕೆಂಡದ ಬಣ್ಣದಲ್ಲಿ ನೋಡಿ ತಿಳಿಯುತ್ತಿದ್ದ. ಅವನ ಬಳಿ ಉಷ್ಣಮಾಪಕವಿರಲಿಲ್ಲ.

ಆ ಉಕ್ಕಿನ ವಂಶಾವಳಿಯನ್ನೂ ಕೇಳಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ನಮ್ಮ ಮಾಗಡಿಯ ಬೆಟ್ಟಗಳ ಕಡೆಗೂ ಬಂದಿದ್ದ. ಅಲ್ಲಿ ಮಳೆಗಾಲದ ತೊರೆಗಳು ಕೊಚ್ಚಿ ತರುವ ಕಪ್ಪು ಮರಳನ್ನು ಒಲೆಗಳಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನೂ, ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಗಳಲ್ಲಿಟ್ಟು ಉಕ್ಕು ಮಾಡುತ್ತಿದ್ದ ಕ್ರಮವನ್ನೂ ವಿವರವಾಗಿ ಬರೆದುಕೊಂಡ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೂ ಮೊದಲೇ, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸ ಭಾರತದಿಂದ ತರಿಸಿದ ಉಕ್ಕನ್ನು ಪರೀಕ್ಷಿಸಿ ಪ್ರಬಂಧ ಮಂಡಿಸಿದ್ದ. ಅದರಲ್ಲಿ ಆ ಉಕ್ಕಿಗೆ ಕೊಟ್ಟ ಹೆಸರು 'ವೂಟ್ಸ್'. ನಮ್ಮ 'ಉಕ್ಕು' ಎಂಬ ಮಾತೇ ಪರದೇಶಿಯರ ಕಿವಿಯಲ್ಲಿಯೋ ಬರವಣಿಗೆಯಲ್ಲಿಯೋ ತಿರುಚಿಕೊಂಡು ಹಾಗಾಯಿತೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿರುವ ಸಂಗತಿ. ಮುಂದೆ ಮೈಕಲ್ ಫ್ಯಾರಡೆಯಂಥ ವಿಜ್ಞಾನಿ ಇದೇ ಉಕ್ಕಿನ ಗುಟ್ಟು ಹುಡುಕಲು ವರ್ಷಗಟ್ಟಲೆ ಪ್ರಯೋಗ ಮಾಡಿದ. ನಮ್ಮ ಭಾಷೆಯ ಒಂದು ಮಾತು ಲೋಕದ ಲೋಹಶಾಸ್ತ್ರದ ಪುಸ್ತಕಗಳಲ್ಲಿ ಕುಳಿತಿದೆ. ಆ ಮಾತನ್ನು ಸಂಪಾದಿಸಿಕೊಟ್ಟ ಕುಲುಮೆಗಳ ಪರಂಪರೆಯ ಹತಾರವನ್ನು ನಾವು ಹಳೇ ಪೇಪರಿನ ಜೊತೆ ತೂಗಿಸುತ್ತಿದ್ದೇವೆ.

ಎರಡನೆಯ ಮಾತು, ಗೋಡೆಯ ಅಲಂಕಾರ. ಇದು ಮೊದಲನೆಯದಕ್ಕಿಂತ ಸಭ್ಯವಾಗಿ ಕಾಣುತ್ತದೆ. ಆದ್ದರಿಂದಲೇ ಹೆಚ್ಚು ಅಪಾಯಕಾರಿ.

ಕೆಲವು ವರ್ಷಗಳ ಕೆಳಗೆ ಹಳ್ಳಿಯ ಸೊಗಡಿನ ಒಂದು ಹೋಟೆಲಿಗೆ ಶಿಷ್ಯರು ನನ್ನನ್ನು ಊಟಕ್ಕೆ ಕರೆದೊಯ್ದಿದ್ದರು. ಗೋಡೆಯ ಮೇಲೆ ನೇಗಿಲು, ನೊಗ, ಗಾಡಿಯ ಚಕ್ರ. ಬಾಗಿಲಲ್ಲಿ ಒರಳು, ಒನಕೆ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಎರಕದ ಕಬ್ಬಿಣದ ಒಂದು ವಸ್ತು, ಮೂರು ಕಡೆಗೆ ಮೂರು ಪಾದಗಳು ಚಾಚಿದಂತಿತ್ತು. ದೊಡ್ಡದೊಂದು, ಚಿಕ್ಕದೊಂದು, ಹಿಮ್ಮಡಿಯಷ್ಟೇ ಒಂದು. 'ಪುರಾತನ ದೀಪದ ಕಂಬ' ಎಂದು ಚೀಟಿ ಅಂಟಿಸಿ, ಮೇಲೊಂದು ಹಣತೆ ಇಟ್ಟು, ಅರಿಸಿನ ಕುಂಕುಮ ಹಚ್ಚಿದ್ದರು. ನಾನು ವ್ಯವಸ್ಥಾಪಕರನ್ನು ಕರೆದು, ಇದು ದೀಪದ ಕಂಬವಲ್ಲ, ಚಪ್ಪಲಿ ಹೊಲಿಯುವವರು ಅಟ್ಟೆಗೆ ಮೊಳೆ ಹೊಡೆಯುವಾಗ ಕೆಳಗೆ ಕೊಡುವ ಕಬ್ಬಿಣದ ಪಾದ ಎಂದು ತಿಳಿಸಿದೆ. ಅವರು ವಂದಿಸಿದರು. ಮುಂದಿನ ಸಲ ಹೋದಾಗ ಚೀಟಿ ತಿದ್ದಿರುತ್ತಾರೆಂದು ನೋಡಿದರೆ, ವಸ್ತುವೇ ಇರಲಿಲ್ಲ. ಕೇಳಿದ್ದಕ್ಕೆ, "ಊಟದ ಜಾಗದಲ್ಲಿ ಅದು ಸರಿಯಿರುವುದಿಲ್ಲ ಸಾರ್" ಎಂದರು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಹೆಸರು ತಪ್ಪಾಗಿದ್ದಷ್ಟು ದಿನ ಅದಕ್ಕೆ ಕುಂಕುಮವಿತ್ತು. ಹೆಸರು ಸರಿಯಾದ ದಿನ ಅದಕ್ಕೆ ಜಾಗವಿಲ್ಲವಾಯಿತು. ಕಬ್ಬಿಣ ಅದೇ, ಆಕಾರ ಅದೇ. ನಮ್ಮ ಗೋಡೆಗಳನ್ನು ಸುತ್ತಿ ನೋಡಿದರೆ ಇದರ ಲೆಕ್ಕ ಸಿಗುತ್ತದೆ. ನೇಗಿಲು ಗೋಡೆಗೇರುತ್ತದೆ, ಒಕ್ಕಲುತನಕ್ಕೆ ಮರ್ಯಾದೆಯಿದೆ. ಕತ್ತಿ ಗುರಾಣಿ ಏರುತ್ತವೆ, ಯಾರ ಮನೆಯಲ್ಲಿ ಇಲ್ಲದಿದ್ದರೂ ಎಲ್ಲರೂ ಪಾಳೆಯಗಾರರ ವಂಶದವರೇ. ಚಮ್ಮಾರರ ರಂಪಿಗೆ, ಕ್ಷೌರಿಕರ ಹಡಪ, ಮೇದರು ಬಿದಿರು ಸೀಳುವ ಕತ್ತಿ, ವಡ್ಡರ ಚಾಣ, ಇವುಗಳನ್ನು ಎಷ್ಟು ಮನೆಗಳ ಗೋಡೆಯ ಮೇಲೆ ಕಂಡಿದ್ದೀರಿ? ಹೆಂಗಸರ ದುಡಿಮೆಯ ಸಾಮಾನು ಹೂವಿನ ಕುಂಡವಾದರೆ ಮಾತ್ರ ಒಳಗೆ ಬರುತ್ತದೆ. ಸೇರು ಪೆನ್ಸಿಲ್ ಹಾಕುವ ಡಬ್ಬಿಯಾಗುತ್ತದೆ, ಒರಳು ತಾವರೆಯ ತೊಟ್ಟಿಯಾಗುತ್ತದೆ. ಗೋಡೆಗೇರಿಸುವುದು ಗೌರವವೆಂದು ಹೇಳುವವರು ಈ ಆಯ್ಕೆಯನ್ನು ಯಾರು ಮಾಡಿದರೆಂದು ಮೊದಲು ಹೇಳಲಿ.

ಇಲ್ಲಿಗೆ ಮೂರನೆಯ ಮಾತು ತಾನಾಗಿಯೇ ಬಂದಿತು. "ಯಾರಿಗೂ ಹೇಳಬೇಡಿ."

ಇದನ್ನು ಹೇಳಿದ ಶಿಷ್ಯನ ಮೇಲೆ ನನಗೆ ಕೋಪವಿಲ್ಲ. ಅವನ ಭಯಕ್ಕೆ ಕಾರಣವಿದೆ. ಬಾಡಿಗೆ ಮನೆ ಕೇಳುವಾಗ, ಮಗಳಿಗೆ ಸಂಬಂಧ ನೋಡುವಾಗ, ಕಚೇರಿಯ ಊಟದ ಮೇಜಿನಲ್ಲಿ, ಊರು ಹೆಸರು ಕೇಳಿದವರು ಮುಂದೇನು ಕೇಳುತ್ತಾರೆಂದು ಅವನಿಗೆ ಗೊತ್ತು. ಹತಾರ ಜಾತಿಯನ್ನು ಹೇಳಿಬಿಡುತ್ತದೆ. ಅಂಬೇಡ್ಕರ್ ಅವರು 1936ರಲ್ಲಿಯೇ ತಮ್ಮ ಜಾತಿ ವಿನಾಶದ ಪ್ರಬಂಧದಲ್ಲಿ ತೋರಿಸಿಕೊಟ್ಟಿದ್ದಾರೆ: ಜಾತಿ ಕೆಲಸವನ್ನಷ್ಟೇ ಹಂಚಲಿಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಜೋಡಿಸಿತು. ಆದ್ದರಿಂದ ಕುಲಕಸುಬಿನ ಹತಾರವನ್ನು ಬಿಸಾಡಿದ್ದು ಎಷ್ಟೋ ಮನೆಗಳಲ್ಲಿ ಬಿಡುಗಡೆಯೇ ಆಗಿತ್ತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರಲ್ಲ, ಆ ಬುಟ್ಟಿಯನ್ನು ಯಾರಾದರೂ ಜೋಪಾನವಾಗಿಡಿ ಎಂದು ಉಪದೇಶಿಸಲು ನನಗೆ ಯಾವ ಅಧಿಕಾರವೂ ಇಲ್ಲ. ಅದನ್ನು ಸುಡುವುದೋ ಉಳಿಸುವುದೋ ಹೊತ್ತವರ ಮಕ್ಕಳು ತೀರ್ಮಾನಿಸಬೇಕು.

ಆದರೆ ಅವನಿಗೆ ನಾನು ಹೇಳಿದ ಮಾತನ್ನು ಎಲ್ಲರಿಗೂ ಹೇಳುತ್ತೇನೆ. ತಿಳಿದು ಬಿಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. "ಇದು ನಮ್ಮಜ್ಜನ ರಂಪಿಗೆ. ಊರಿನ ಕಪಿಲೆ ಬಾವಿಗಳಿಗೆಲ್ಲ ತೊಗಲಿನ ಚೀಲ ಹೊಲಿದು ಹೊಲಗಳಿಗೆ ನೀರು ಹರಿಯುವಂತೆ ಮಾಡಿದ್ದು ಇದೇ. ಆ ಹೊಲದವರೇ ನಮ್ಮಜ್ಜನನ್ನು ಹೊರಗೆ ನಿಲ್ಲಿಸುತ್ತಿದ್ದರು" ಎಂದು ಹೇಳಬಲ್ಲ ಮೊಮ್ಮಗ ತಲೆ ತಗ್ಗಿಸಬೇಕಾಗಿಲ್ಲ. ತಗ್ಗಿಸಬೇಕಾದವರು ಆ ಹೊಲದವರ ಮೊಮ್ಮಕ್ಕಳು. ಹತಾರವನ್ನು ಅಡಗಿಸಿದರೆ ಅವಮಾನ ಮಾಡಿದವರ ಸಾ‌ಕ್ಷಿಯೂ ಅಡಗಿಹೋಗುತ್ತದೆ. ಆಗ "ನಮ್ಮೂರಲ್ಲಿ ಅಂಥದ್ದೇನೂ ಇರಲಿಲ್ಲ, ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದೆವು" ಎನ್ನುವವರ ಮಾತೇ ಇತಿಹಾಸವಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೆನೆಯಿರಿ. ಬಾಚಿಕಾಯಕದ ಬಸವಯ್ಯ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಹಡಪದ ಅಪ್ಪಣ್ಣ. ಬಾಚಿ, ಕದಿರು, ಕೊಟ್ಟಣ, ಹಡಪ. ತಮ್ಮ ದುಡಿಮೆಯ ಸಾಮಾನನ್ನೇ ಹೆಸರಿನ ಮುಂದೆ ಇಟ್ಟುಕೊಂಡು ನಡೆದ ಜನ ಅವರು. ನಮ್ಮ ಮಗ್ಗುಲಲ್ಲಿಯೇ ಬಸವೇಶ್ವರನಗರವಿದೆ. ಅಲ್ಲಿನ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಬಾಚಿಯೆಂದರೆ ಏನೆಂದು ಗೊತ್ತಿದೆಯೋ, ಕಾಯಕದ ಜಯಂತಿ ಆಚರಿಸುವವರು ಒಮ್ಮೆ ಕೇಳಿ ನೋಡಬಹುದು.

ನಮ್ಮ ಶಾಲೆಗಳನ್ನೂ ನಾನು ಬಿಡುವುದಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬನ್ನೇ ಶಿಕ್ಷಣದ ನಡುಗಂಬವಾಗಿಸಬೇಕೆಂದರು. 1964ರಿಂದ 66ರವರೆಗೆ ಕುಳಿತ ಕೊಠಾರಿ ಆಯೋಗ ಕಾರ್ಯಾನುಭವ ಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಅದಕ್ಕೆ ಉದ್ದನೆಯ ಹೆಸರಿಟ್ಟಿತು. ಹೆಸರು ಉದ್ದವಾದಷ್ಟೂ ಕೆಲಸ ಗಿಡ್ಡವಾಯಿತು. ಕೊನೆಗೆ ಅದು ಬಣ್ಣದ ಕಾಗದ ಕತ್ತರಿಸಿ ಅಂಟಿಸುವ ಅವಧಿಯಾಗಿ, ಪರೀಕ್ಷೆ ಬಂದರೆ ಗಣಿತದವರು ಕಸಿದುಕೊಳ್ಳುವ ಅವಧಿಯಾಯಿತು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ಕಾಪಿ ಪುಸ್ತಕದಲ್ಲಿ ದುಂಡಗೆ ಬರೆಸಿ, ಕೈ ಕೆಸರಾಗದಂತೆ ಬದುಕುವುದೇ ವಿದ್ಯೆಯ ಗುರಿಯೆಂದು ಮಕ್ಕಳಿಗೆ ತಿಳಿಯುವಂತೆ ನಡೆದುಕೊಂಡ ವ್ಯವಸ್ಥೆಯದು.

ಇನ್ನು ಕೆಲವರು ಹೇಳುತ್ತಾರೆ: "ಇಷ್ಟೆಲ್ಲ ತಲೆನೋವೇಕೆ ಮೇಷ್ಟ್ರೇ? ಫೋನನ್ನು ಹತಾರದ ಮುಂದೆ ಹಿಡಿದರೆ ಅದೇ ಹೆಸರು ಹೇಳುತ್ತದೆ." ಹೌದು, ಹೇಳುತ್ತದೆ. ದೊಡ್ಡಪ್ಪನ ಬಾಚಿಯನ್ನು 'ಆಡ್ಜ್' ಎಂದಿತು, ಸುಳ್ಳಲ್ಲ. ಆದರೆ ಹಳೆಯ ಮೈಸೂರಿನ ತೋಪಡ ಇನ್ನೊಂದು ಕಡೆ ಉಜ್ಜುಗೊರಡು, ಹಳೆಯ ಗ್ರಂಥಗಳಲ್ಲಿ ಕೀಸುಳಿ, ಗಡಿ ದಾಟಿದರೆ ತಮಿಳಿನಲ್ಲಿ ಇಳೈಪ್ಪುಳಿ, ತೆಲುಗಿನಲ್ಲಿ ಚಿತ್ರಿಕ, ಮಲಯಾಳದಲ್ಲಿ ಚಿಂತೇರ್ ಎಂಬುದನ್ನು ಅದು ತಾನಾಗಿ ಹೇಳಲಿಲ್ಲ. ಆ ಹತಾರ ಎಡಗೈಯವನದೆಂದೂ ಹೇಳಲಿಲ್ಲ. ಅದನ್ನು ಕಾಣಲು ನಿಮ್ಮ ಕಣ್ಣು, ನಿಮ್ಮ ಕೈ ಬೇಕು. ಹೇಗೆಂದು ಹೇಳುತ್ತೇನೆ, ಬೈಗುಳದ ನಡುವೆ ಒಂದು ಪಾಠವೂ ಇರಲಿ.

ಮೊದಲು ಬಾಯಿ ನೋಡಿ. ಬಾಯಿ ಹಿಡಿಯ ಉದ್ದಕ್ಕೆ ಸಮನಾಗಿದ್ದರೆ ಕೊಡಲಿ. ಗುದ್ದಲಿಯ ಹಾಗೆ ಹಿಡಿಗೆ ಅಡ್ಡವಾಗಿದ್ದರೆ ಬಾಚಿ. ಕೊಡಲಿ ಕಡಿಯುತ್ತದೆ, ಬಾಚಿ ಕೆತ್ತಿ ಮಟ್ಟ ಮಾಡುತ್ತದೆ. ಉಳಿಯ ಬಾಯಿ ಒಂದೇ ಕಡೆಗೆ ಇಳಿಜಾರಾಗಿದ್ದು ಮೈ ತೆಳ್ಳಗಿದ್ದರೆ ನಯಗೊಳಿಸುವ ಉಳಿ. ಮೈ ದಪ್ಪಗೆ ಕಂಬಿಯಂತಿದ್ದರೆ ಮರಕ್ಕೆ ತೂತು ತೋಡುವ ಉಳಿ. ಬಾಯಿ ಬಾಗಿದ್ದರೆ ಹೂಬಳ್ಳಿ ಕೆತ್ತುವುದೋ ಕೊಳವೆ ತೆಗೆಯುವುದೋ ಅದರ ಕೆಲಸ. ಮರದ ಹಿಡಿಯೇ ಇಲ್ಲದೆ, ಕಬ್ಬಿಣದ ತಲೆಯೇ ಪೆಟ್ಟು ತಿಂದು ಅಣಬೆಯಂತೆ ಅರಳಿದ್ದರೆ ಅದು ಮರದ ಕೆಲಸದ್ದಲ್ಲ, ಕಲ್ಲುಕುಟಿಗರ ಚಾಣ.

ಆಮೇಲೆ ಹಿಡಿ ನೋಡಿ. ತುದಿ ಜಜ್ಜಿ ನಾರು ಬಿಟ್ಟಿದ್ದರೆ ಕೊಡತಿಯ ಪೆಟ್ಟು ತಿಂದದ್ದು. ನುಣ್ಣಗೆ ಹೊಳೆಯುತ್ತಿದ್ದರೆ ಅಂಗೈಯಿಂದ ಒತ್ತಿ ದೂಡಿದ್ದು. ಹೆಬ್ಬೆರಳು ಕೂತು ಕೂತು ಆದ ಹಳ್ಳ ಯಾವ ಕಡೆಗಿದೆಯೆಂದು ನಿಮ್ಮ ಹೆಬ್ಬೆರಳನ್ನೇ ಇಟ್ಟು ನೋಡಿ. ಬಲಗೈಗೆ ಒಗ್ಗದೆ ಎಡಗೈಗೆ ಒಗ್ಗಿದರೆ ನಿಮ್ಮ ತಾತ ಎಡಚರು. ಫೋಟೋದಲ್ಲಿ ಕೈ ಕಟ್ಟಿ ನಿಂತವರ ಬಗ್ಗೆ ಇದನ್ನು ಬೇರೆ ಯಾರೂ ನಿಮಗೆ ಹೇಳಲಾರರು. ಉಳಿಯ ಅಲಗು ಮೂರೇ ಅಂಗುಲ ಉಳಿದಿದ್ದರೆ ಅದು ಗಿಡ್ಡ ಉಳಿಯೆಂದು ತಿಳಿಯಬೇಡಿ. ಅದು ಸಾಣೆಕಲ್ಲಿನ ಮೇಲೆ ದಶಕಗಟ್ಟಲೆ ಸವೆದದ್ದು. ಹೊಸದು ಕೊಳ್ಳಲು ಹಣವಿರಲಿಲ್ಲವೆಂಬುದಕ್ಕೂ, ಒಂದು ದಿನವೂ ಮೊಂಡಾಗಲು ಬಿಡಲಿಲ್ಲವೆಂಬುದಕ್ಕೂ ಅದೇ ಲೆಕ್ಕಪತ್ರ.

ಮೂರನೆಯದು ಗುರುತು. ಕಾರ್ಖಾನೆಯ ಹತಾರದ ಮೇಲೆ ಮುದ್ರೆಯಿರುತ್ತದೆ. ಷೆಫೀಲ್ಡ್ ಎಂದಿದ್ದರೆ ಇಂಗ್ಲೆಂಡಿನದು. ಅದರ ಜೊತೆ 'ಕಾಸ್ಟ್ ಸ್ಟೀಲ್' ಎಂದಿದ್ದರೆ ಮೂಸೆಯಲ್ಲಿ ಕರಗಿಸಿದ ಉಕ್ಕು ಎಂದರ್ಥ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅಲ್ಲಿ ಬಳಕೆಗೆ ತಂದ ವಿಧಾನ. ಮೂಸೆಯ ಉಕ್ಕು ನಮ್ಮ ಸೀಮೆಗೆ ಅದಕ್ಕಿಂತ ಎಷ್ಟೋ ಹಳೆಯದು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಕಬ್ಬಿಣದ ತೋಪಡದ ಹಾಸಿನಲ್ಲಿ, ಅಲಗನ್ನು ಆನಿಸುವ ಭಾಗದ ಹಿಂದೆ, 1902ರ ಎರಡು ಮತ್ತು 1910ರ ಒಂದು ಪೇಟೆಂಟ್ ದಿನಾಂಕಗಳಿದ್ದರೆ ಅದು 1910ರ ದಶಕದ್ದು. ಟಾಟಾ ಅಗ್ರಿಕೊ ಎಂದಿರುವ ಗುದ್ದಲಿ, ಪಿಕಾಸಿಗಳು ಜಮ್‌ಶೆಡ್‌ಪುರದ ಟಾಟಾ ಕಂಪನಿಯವು. ಮೆಟ್ರಿಕ್ ಪದ್ಧತಿ ನಮ್ಮಲ್ಲಿ 1958ರಿಂದ ಹಂತಹಂತವಾಗಿ ಜಾರಿಗೆ ಬಂದದ್ದರಿಂದ ಸೇರು, ಪಾವುಗಳು ಹೆಚ್ಚಾಗಿ ಅದಕ್ಕೂ ಹಿಂದಿನವು. ಕುಲುಮೆಯ ಹತಾರದ ಮೇಲೆ ಇಂಥ ಯಾವ ಹೆಸರೂ ಇರುವುದಿಲ್ಲ. ಅಲ್ಲಿ ಹುಡುಕಬೇಕಾದದ್ದು ಚುಕ್ಕಿ, ಕಚ್ಚು, ಸುಟ್ಟ ಗೆರೆಗಳನ್ನು. ನಾಲ್ಕಾರು ಜನ ಒಂದೇ ಮನೆಯ ಕೆಲಸಕ್ಕೆ ಕೂತಾಗ ಹತಾರ ಅದಲುಬದಲಾಗದಿರಲೆಂದು ಹಾಕಿಕೊಂಡವು ಅವು. ದೊಡ್ಡಪ್ಪನವರದು ಒಂದರ ಪಕ್ಕ ಒಂದರಂತೆ ಮೂರು ಚುಕ್ಕಿ. ಅವರಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಆ ಮೂರು ಚುಕ್ಕಿಯೇ ಅವರ ಸಹಿ.

ಇದನ್ನೆಲ್ಲ ನೋಡುವ ಮೊದಲು ಉಜ್ಜುವ ಯಂತ್ರಕ್ಕೆ ಹಿಡಿದು ಫಳಫಳ ಹೊಳೆಯಿಸುವ ಉತ್ಸಾಹ ಬೇಡ. ತುಕ್ಕಿನ ಜೊತೆ ಮುದ್ರೆಯೂ ಚುಕ್ಕಿಯೂ ಹಾರಿಹೋಗುತ್ತವೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ತೆಳ್ಳಗೆ ಯಂತ್ರದ ಎಣ್ಣೆ ಸವರಿದರೆ ಸಾಕು. ಬಣ್ಣ, ವಾರ್ನಿಷ್ ಬೇಡವೇ ಬೇಡ.

ಬೇರೆಯವರು ಏನು ಮಾಡಿದ್ದಾರೆಂದೂ ತಿಳಿದಿರಲಿ. ಇಂಗ್ಲೆಂಡಿನಲ್ಲಿ ಆರ್. ಎ. ಸಲಮನ್ ಮರಗೆಲಸದ ಹತಾರಗಳಿಗೇ ಒಂದು ದಪ್ಪ ನಿಘಂಟನ್ನು 1975ರಲ್ಲಿ ಪ್ರಕಟಿಸಿದರು. ಷೆಫೀಲ್ಡಿನಲ್ಲಿ ಕೆನ್ ಹಾಲಿ ಎಂಬ ಹತಾರದ ಅಂಗಡಿಯವರು ಒಟ್ಟುಮಾಡಿದ ಸಂಗ್ರಹ ಇಂದು ಆ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಜಪಾನಿನ ಕೋಬೆಯಲ್ಲಿ 1984ರಿಂದ ಬಡಗಿಯ ಹತಾರಗಳಿಗೇ ಮೀಸಲಾದ ಸಂಗ್ರಹಾಲಯವಿದೆ. ಅಷ್ಟು ದೂರವೇಕೆ, ನೆರೆಯ ಆಂಧ್ರದಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಊರೂರಿನ ರೈತರನ್ನು ಕೇಳಿಸಿ ಮಾಂಡಲಿಕ ವೃತ್ತಿ ಪದಕೋಶದ ವ್ಯವಸಾಯದ ಸಂಪುಟವನ್ನು 1962ರಲ್ಲಿಯೇ ತಂದರು. ಕೈಮಗ್ಗದ್ದು 1971ರಲ್ಲಿ ಬಂದಿತು. ನಮ್ಮಲ್ಲಿಯೂ ದುಡಿದವರಿದ್ದಾರೆ. ಕಿಟ್ಟೆಲರ 1894ರ ನಿಘಂಟಿನಲ್ಲಿ ಬಾಚಿಯೂ ಇದೆ, ಬೈರಿಗೆಯೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿದೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಿಂದ ಬಾಗಿಲು ತೆರೆದು ಕುಳಿತಿದೆ. ಇಲ್ಲಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಮಾಲುಗಳಿಗೆ ಕರೆದೊಯ್ಯುವ ಮಕ್ಕಳನ್ನು ಒಂದು ಸಲ ಅಲ್ಲಿಗೂ ಕರೆದೊಯ್ಯಿರಿ.

ಆದರೆ ಸಂಗ್ರಹಾಲಯ ನಿಮ್ಮ ತಾತನ ಕೈಯನ್ನು ಕಂಡಿಲ್ಲ. ಅಲ್ಲಿ 'ಬಾಚಿ' ಎಂಬ ಚೀಟಿಯಿರುತ್ತದೆ. ಯಾರ ಬಾಚಿ, ಯಾವ ಮರ, ಯಾವ ಮನೆಯ ಬಾಗಿಲು ಎಂಬುದು ನಿಮ್ಮ ಮನೆಯ ಮುದುಕರ ಬಾಯಲ್ಲಿ ಮಾತ್ರ ಇದೆ. ಕಾಮಾಕ್ಷಿಪಾಳ್ಯ, ಪೀಣ್ಯಗಳ ಲೇತುಗಳ ಮುಂದೆ ನಿಂತು ಕೂದಲೆಳೆಯ ಅಳತೆಗೆ ಕಬ್ಬಿಣ ತಿರುವುವ ನನ್ನ ಶಿಷ್ಯರೇ, ಆ ಅಳತೆಯ ಕಣ್ಣು ನಿಮಗೆ ಐಟಿಐಯಲ್ಲಿ ಮಾತ್ರ ಬಂದದ್ದೆಂದು ತಿಳಿಯಬೇಡಿ. ಕೈವಾರ ಹಿಡಿದು ಗಾಡಿಯ ಗುಂಬಕ್ಕೆ ವೃತ್ತ ಎಳೆದವರ ಮನೆಯಿಂದ ನಿಮ್ಮಲ್ಲಿ ಹಲವರು ಬಂದಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮನೆಯಲ್ಲಿ ಉಳಿದಿರುವ ಒಂದೊಂದು ಹತಾರಕ್ಕೂ ಒಂದೊಂದು ಹಾಳೆ ಇಡಿ. ಅಜ್ಜಿ ಹೇಳಿದ ಹೆಸರನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಯಾರದು, ಯಾವ ಕೆಲಸಕ್ಕೆ, ಯಾವ ಊರಿನ ಕುಲುಮೆಯದು, ಕೂಲಿ ಎಷ್ಟು ಸಿಗುತ್ತಿತ್ತು, ಕಾಳಾಗಿಯೋ ಕಾಸಾಗಿಯೋ ಎಂದು ಕೇಳಿ. ಅಜ್ಜಿಯ ಧ್ವನಿಯನ್ನು ಅದೇ ಫೋನಿನಲ್ಲಿ ಹಿಡಿದಿಡಿ. ಫೋನಿಗೂ ಒಂದು ಒಳ್ಳೆಯ ಕೆಲಸ ಸಿಕ್ಕಿದಂತಾಗುತ್ತದೆ. ಅಷ್ಟು ಮಾಡಿದ ಮೇಲೂ ಜಾಗವಿಲ್ಲವೆಂದು ಗುಜರಿಗೆ ಹಾಕುವಿರಾದರೆ ಹಾಕಿ, ನಾನು ಅಡ್ಡ ಬರುವುದಿಲ್ಲ.

ಪ್ರತಿ ವರ್ಷ ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಕಾರು, ಸ್ಕೂಟರು, ಲ್ಯಾಪ್‌ಟಾಪುಗಳಿಗೆ ಹೂವು ಏರಿಸಿ, ಬೂದುಗುಂಬಳ ಒಡೆಯುತ್ತೇವೆ. ಸಾಲದ ಕಂತು ತೀರದ ಕಾರಿಗೆ ಪೂಜೆಯುಂಟು. ಯಾರ ಸಾಲವೂ ಇಲ್ಲದೆ ಮೂರು ತಲೆಮಾರಿಗೆ ಅನ್ನ ಹಾಕಿದ ಬಾಚಿಗೆ ಇಲ್ಲ. ಬರುವ ನವಮಿಯಂದು ಅದನ್ನೂ ಒರೆಸಿ ಸಾಲಿನಲ್ಲಿಡಿ. ಮಕ್ಕಳು ಇದೇನೆಂದು ಕೇಳುತ್ತಾರೆ. ಹೆಸರು ಹೇಳಿ, ಹಿಡಿದವರ ಹೆಸರನ್ನೂ ಹೇಳಿ. ನಿಮಗೇ ಗೊತ್ತಿಲ್ಲದಿದ್ದರೆ ನವಮಿಗೆ ಕಾಯಬೇಡಿ. ಗೊತ್ತಿರುವವರು ಇನ್ನೂ ಒಳಮನೆಯಲ್ಲಿ ಕೂತಿರುವಾಗಲೇ ಹೋಗಿ ಕೇಳಿ.